ಬಜ್ಪೆಗೆ ಇಳಿಯುವ ಹೊತ್ತು

ತಲೆಗೆ ಪೆಟ್ಟಾಗಿ ಆರು ವಾರ ಕಳೆದಿದ್ದ ಅತ್ತಿಗೆಯವರೊಡನೆ ನಾವು ಮುಂಬಯಿಯಿಂದ ಮಂಗಳೂರಿಗೆ ವಿಮಾನ ಹತ್ತಿದೆವು. ತವರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, ಹೋಗದೆ ನಿರ್ವಾಹವಿರಲಿಲ್ಲ. ವೈದ್ಯರ ಒಪ್ಪಿಗೆಯೂ ದೊರೆತಿತ್ತು. ಕೊಂಕಣ ರೈಲಿನಲ್ಲಿ ಇಡೀ ರಾತ್ರಿ ಕುಲುಕುವುದಕ್ಕಿಂತ ಒಂದೂವರೆ ತಾಸು ಮೇಲಲ್ಲವೆ?

ಏರುವಾಗ ಸುಖವೇ. ಬಾಧೆಯೆಲ್ಲ ಇಳಿಯುವಾಗ. ಮೇಲೆ ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಗಾಳಿಯಷ್ಟು ತೆಳು. ಕೆಳಗಿಳಿದಂತೆ ಒತ್ತಡ ಹೆಚ್ಚಿ ಕಿವಿತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆಯಬೇಕಾದರೆ ಉಗುಳು ನುಂಗಬೇಕು, ಆಕಳಿಸಬೇಕು. ನಿದ್ದೆಹೋದರೆ ಕೆಟ್ಟಿತು! ಮೂಗು ಹಿಡಿದು ಬಲವಾಗಿ ಊದಕೂಡದೆಂದೂ ವೈದ್ಯರು ಎಚ್ಚರಿಸಿದ್ದರು.

ಅತ್ತಿಗೆಯವರು ಪೆಪ್ಪರಮಿಂಟು ಚೀಪುತ್ತ, ತಲೆ ಆನಿಸಿ, ದಿಗಂತದತ್ತ ಕಣ್ಣು ನೆಟ್ಟು ಕುಳಿತರು. ಗುಡ್ಡದ ನೆತ್ತಿಯ ಬಜ್ಪೆ ನಿಲ್ದಾಣ ಕಾಣುವಷ್ಟರಲ್ಲಿ ಕಿವಿ ಟಪ್ಪೆಂದು ಬಿಟ್ಟಿತು. ತಲೆಸುತ್ತು ಮಾತ್ರ ನಿಲ್ಲಲಿಲ್ಲ. ಕಾಲು ಗಂಟೆ ಕುಳ್ಳಿರಿಸಿ, ನೀರು ಕುಡಿಸಿ, ಅನಂತರವೇ ಕಾರು ಹತ್ತಿದೆವು.