ಮಣಿಯ ಬೆಳಕು, ದೀಪದ ಬೆಳಕು

ಪ್ರಿಯ ಮಿತ್ರರೇ,

ನಿಮ್ಮ ಕಾಗದ ತಲುಪಿತು. ಗ್ರಹಣದ ದಿನ ನಿಮ್ಮ ತಾಯಿಯವರಿಗೂ ಮಗಳಿಗೂ ನಡೆದ ವಾಗ್ವಾದವನ್ನು ನೀವು ಬಣ್ಣಿಸಿದ ರೀತಿ ಓದಿ ನಕ್ಕೆ. ಕೊನೆಯಲ್ಲಿ ಕೇಳಿದ ಪ್ರಶ್ನೆ ಮಾತ್ರ ನಕ್ಕು ಬಿಡುವಂಥದಲ್ಲ. ಪಂಚಾಂಗದಲ್ಲಿ ಸ್ಪರ್ಶ ಇಷ್ಟು ಗಂಟೆಗೆ, ಮೋಕ್ಷ ಇಷ್ಟು ಗಂಟೆಗೆ ಎಂದು ಅಚ್ಚಾಗಿರುತ್ತದೆ, ಆಕಾಶದಲ್ಲೂ ಹಾಗೇ ನಡೆಯುತ್ತದೆ. ಲೆಕ್ಕ ನಿಜವಾದ ಮೇಲೆ ಆ ಲೆಕ್ಕದೊಳಗೆ ಕೂತಿರುವ ರಾಹು ಮಾತ್ರ ಸುಳ್ಳಾಗುವುದು ಹೇಗೆ ಎಂದು ನಿಮ್ಮ ತಾಯಿ ಕೇಳಿದರಂತೆ. ಅಮ್ಮನವರ ತರ್ಕ ಗಟ್ಟಿಯಾದದ್ದು. ವಿಜ್ಞಾನವನ್ನು ನಂಬುವ ಅನೇಕರು ಇದೇ ತರ್ಕದ ಮೇಲೆ ನಿಂತಿದ್ದಾರೆ: ರಾಕೆಟ್ ಹಾರಿತಲ್ಲ, ಆದ್ದರಿಂದ ಹೇಳಿದ್ದೆಲ್ಲ ನಿಜ.

ಮೊದಲು ರಾಹುವಿನ ಸಂಗತಿ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಹಾಗಿಲ್ಲದಿದ್ದರೆ ಪ್ರತಿ ಅಮಾವಾಸ್ಯೆಗೂ ಪ್ರತಿ ಹುಣ್ಣಿಮೆಗೂ ಗ್ರಹಣವಾಗಬೇಕಿತ್ತು. ಎರಡೂ ದಾರಿ ಒಂದನ್ನೊಂದು ಕತ್ತರಿಸುವ ಜಾಗಗಳು ಎರಡು. ಸೂರ್ಯಚಂದ್ರರು ಅವುಗಳ ಹತ್ತಿರ ಬಂದಾಗ ಮಾತ್ರ ಗ್ರಹಣ. ಈ ಜಾಗಗಳು ಹಿಮ್ಮುಖವಾಗಿ ಸರಿಯುತ್ತ ಸುಮಾರು 18.6 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ. ಪಂಚಾಂಗದವರು ಗಣಿತದಲ್ಲಿ ರಾಹು, ಕೇತು ಎನ್ನುವುದು ಇವನ್ನೇ. ಲೆಕ್ಕ ಸರಿಬರುವುದು ಈ ಬಿಂದುಗಳ ದೆಸೆಯಿಂದ. ಅಮೃತ ಕದ್ದು ಕುಡಿದು ತಲೆ ಕಳೆದುಕೊಂಡವನ ಹೆಸರು ಅವಕ್ಕಿದೆ, ಅಷ್ಟೆ.

ಇದು ಹೊಸಬರ ಕುಹಕವಲ್ಲ. ಚಂದ್ರ ಅಡ್ಡ ಬಂದು ಸೂರ್ಯಗ್ರಹಣ, ಭೂಮಿಯ ನೆರಳು ಬಿದ್ದು ಚಂದ್ರಗ್ರಹಣ ಎಂದು 499ರಲ್ಲೇ ಆರ್ಯಭಟ ಬರೆದಿದ್ದ. ನನಗೆ ಸ್ವಾರಸ್ಯ ಅನ್ನಿಸುವುದು ಅವನಿಗಿಂತ ಬ್ರಹ್ಮಗುಪ್ತ. 628ರಲ್ಲಿ ತನ್ನ ಗ್ರಂಥ ಬರೆದಾಗ ಆತ, ರಾಹುವನ್ನು ಅಲ್ಲಗಳೆದ ಆರ್ಯಭಟ, ವರಾಹಮಿಹಿರರನ್ನು ಶ್ರುತಿಸ್ಮೃತಿಗಳ ಹೆಸರಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ತಾನು ಗ್ರಹಣ ಗುಣಿಸುವಾಗ ಮಾತ್ರ ನೆರಳಿನ ಅಳತೆಯನ್ನೇ ಹಿಡಿಯುತ್ತಾನೆ! ಸುಮಾರು ನಾಲ್ಕುನೂರು ವರ್ಷಗಳ ನಂತರ ಇದನ್ನು ಓದಿದ ವಿದ್ವಾಂಸ ಅಲ್ ಬಿರೂನಿಗೆ ತಲೆಬಿಸಿಯಾಯಿತು. ಇಷ್ಟು ದೊಡ್ಡ ಗಣಿತಜ್ಞ ಹೀಗೇಕೆ ಬರೆದ? ಸಾಕ್ರಟೀಸನಿಗೆ ಬಂದಂಥ ಗತಿ ತನಗೂ ಬಂದೀತೆಂದು ಹೆದರಿದನೇನೋ ಎಂದು ಊಹಿಸಿದ. ಇರಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ನಂಬಿಕೊಂಡು ಹಾಯಾಗಿರಲು ಮನುಷ್ಯನಿಗೆ ಹೆದರಿಕೆಯೇ ಬೇಕೆಂದೂ ಇಲ್ಲ.

ನಿಮ್ಮ ತಾಯಿಯವರ ಪ್ರಶ್ನೆಗೆ ನೇರ ಉತ್ತರ ನನಗೆ ಸಿಕ್ಕಿದ್ದು ವಿಜ್ಞಾನದ ಪುಸ್ತಕದಲ್ಲಲ್ಲ, ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ 'ಪಂಚದಶಿ'ಯಲ್ಲಿ. ಅದರ ಒಂಬತ್ತನೆಯ ಪ್ರಕರಣ ಧ್ಯಾನದೀಪ. ಶುರುವಿನಲ್ಲೇ ಒಂದು ದೃಷ್ಟಾಂತವಿದೆ. ಒಳಕೋಣೆಯಲ್ಲಿ ದೀಪ, ಅದರ ಬೆಳಕು ಬಾಗಿಲ ಹೊರಗೆ ಬಿದ್ದಿದೆ. ಇನ್ನೊಂದೆಡೆ ಹಾಗೇ ಒಂದು ಮಣಿಯ ಬೆಳಕು ಬಿದ್ದಿದೆ. ದೂರದಿಂದ ನೋಡಿದ ಇಬ್ಬರು, ಆ ಬೆಳಕೇ ಮಣಿ ಎಂದುಕೊಂಡು ಒಬ್ಬೊಬ್ಬ ಒಂದೊಂದರ ಕಡೆ ಓಡುತ್ತಾರೆ. ಬೆಳಕು ಮಣಿಯಲ್ಲ, ಹಾಗಾಗಿ ಇಬ್ಬರದೂ ಭ್ರಮೆ. ಆದರೂ ಒಬ್ಬನಿಗೆ ಮಣಿ ಸಿಗುತ್ತದೆ, ಇನ್ನೊಬ್ಬ ಬರಿಗೈಯಲ್ಲಿ ಮರಳುತ್ತಾನೆ. ಫಲ ಕೊಟ್ಟ ಭ್ರಮೆಗೆ ಸಂವಾದಿ ಭ್ರಮೆ ಎಂದು ಹೆಸರು. ಈ ದೃಷ್ಟಾಂತವನ್ನು 7ನೆಯ ಶತಮಾನದ ಧರ್ಮಕೀರ್ತಿ ಆಗಲೇ ಬಳಸಿದ್ದ. ಆತ ಬೌದ್ಧ, ವೇದಾಂತಿಗಳು ಖಂಡಿಸಿ ಖಂಡಿಸಿ ದಣಿದ ಪಂಥದವನು. ಒಳ್ಳೆಯ ಉದಾಹರಣೆಗೆ ಮಡಿ ಮೈಲಿಗೆ ಇಲ್ಲ, ನೋಡಿ.

ಮಂಜನ್ನು ಹೊಗೆಯೆಂದು ಬಗೆದು ಅಲ್ಲಿ ಬೆಂಕಿ ಇರಬೇಕೆಂದು ಹೋದವನಿಗೆ ಆಕಸ್ಮಿಕವಾಗಿ ಕೆಂಡವೇ ಸಿಕ್ಕಿತು ಎಂಬ ಉದಾಹರಣೆಯೂ ಧ್ಯಾನದೀಪದಲ್ಲೇ ಇದೆ. ಅವನಿಗೆ ಬೆಂಕಿ ಇರುವುದು 'ಗೊತ್ತಿತ್ತು' ಅನ್ನಬಹುದೇ? ಇಂಥದೇ ಪ್ರಶ್ನೆಯನ್ನು 1963ರಲ್ಲಿ ಎಡ್ಮಂಡ್ ಗೆಟಿಯರ್ ಮೂರು ಪುಟದ ಲೇಖನದಲ್ಲಿ ಎತ್ತಿದಾಗ ಪಶ್ಚಿಮದ ತತ್ತ್ವಶಾಸ್ತ್ರಜ್ಞರ ನಿದ್ದೆ ಕೆಟ್ಟಿತು.

ಅಂದಮೇಲೆ ಫಲ ಬಂದದ್ದು ನಂಬಿಕೆಗೆ ಸರ್ಟಿಫಿಕೇಟ್ ಅಲ್ಲ. ಈ ಮಾತು ಅಮ್ಮನವರಿಗೆ ಹೇಳಿ ನಿಮ್ಮ ಮಗಳಿಗೆ ಹೇಳದೆ ಬಿಟ್ಟರೆ ಅನ್ಯಾಯ. ಅದಕ್ಕೊಂದು ಗ್ರಹಣದ ಕಥೆಯೇ ಇದೆ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನಮ್ಮ ಜಮಖಂಡಿಯ ಮೇಲೆ ಹಾದುಹೋಯಿತು. ಹೆಸರಾಂತ ಖಗೋಳಜ್ಞ ವಿಲಿಯಂ ಹರ್ಷೆಲ್‌ನ ಮೊಮ್ಮಗ, ಸೈನ್ಯದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕ ಹಿಡಿದು ಕಾದಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದರೆ ಹೊಳೆಯುವ ಗೆರೆಗಳು ಕಂಡವು. ಅಂದರೆ ಆ ಜ್ವಾಲೆಗಳು ಕಾದ ಅನಿಲ. ಗೆರೆಗಳಲ್ಲಿ ಹಳದಿಯ ಕಡೆಯ ಒಂದು ಸೋಡಿಯಂನದಿರಬೇಕೆಂದು ಮೊದಲು ತಿಳಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆ ನೋಡಿ, ಇದು ಸೋಡಿಯಂ ಗೆರೆಗೆ ಹೊಂದುವುದಿಲ್ಲ ಎಂದು ಕಂಡುಕೊಂಡ. ಭೂಮಿಯಲ್ಲಿ ಕಾಣದ ಮೂಲವಸ್ತು ಸೂರ್ಯನಲ್ಲಿದೆ ಎಂಬ ಮಾತು ಹುಟ್ಟಿತು. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಎಷ್ಟೋ ಜನ ನಂಬಲಿಲ್ಲ. 1895ರಲ್ಲಿ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಹೀಲಿಯಂ ಹೊರತೆಗೆದ. ಮಣಿ ಕೈಗೆ ಬಂತು.

ಈಗ ಇದರ ಜೋಡಿ ಕಥೆ ಕೇಳಿ, ಇದನ್ನು ಪಾಠದಲ್ಲಿ ಹೇಳುವುದು ಕಡಿಮೆ. ಮರುವರ್ಷ, 1869ರ ಆಗಸ್ಟ್‌ನಲ್ಲಿ, ಅಮೆರಿಕದಲ್ಲಿ ಪೂರ್ಣಗ್ರಹಣ. ಸೂರ್ಯನ ಕಿರೀಟಭಾಗದ ಬೆಳಕಿನಲ್ಲಿ ಹಸಿರು ಗೆರೆಯೊಂದು ಕಂಡಿತು. ಗೊತ್ತಿದ್ದ ಯಾವ ಮೂಲವಸ್ತುವಿನ ಗೆರೆಗೂ ಅದು ಕೊನೆಗೆ ಹೊಂದಲಿಲ್ಲ. ಸರಿ, ಇನ್ನೊಂದು ಹೊಸ ಮೂಲವಸ್ತು! ಕೊರೋನಿಯಂ ಎಂದು ಕರೆದರು. ತರ್ಕ ಅದೇ, ಉಪಕರಣ ಅದೇ, ಶ್ರದ್ಧೆಯೂ ಅಷ್ಟೇ ಪ್ರಾಮಾಣಿಕ. ಸುಮಾರು ಎಪ್ಪತ್ತು ವರ್ಷ ಕೊರೋನಿಯಂ ಬದುಕಿತ್ತು. 1940ರ ಆಸುಪಾಸಿನಲ್ಲಿ ಗ್ರೋಟ್ರಿಯನ್, ಎಡ್ಲೆನ್ ಎಂಬಿಬ್ಬರ ಕೆಲಸದಿಂದ ತಿಳಿದದ್ದು ಇಷ್ಟು: ಅದು ನಮ್ಮ ಹಳೆಯ ಕಬ್ಬಿಣವೇ, ಹತ್ತು ಲಕ್ಷ ಡಿಗ್ರಿಗೂ ಮೇಲಿನ ಕಾವಿನಲ್ಲಿ 13 ಎಲೆಕ್ಟ್ರಾನ್ ಕಳೆದುಕೊಂಡು ನಿಂತಿದೆ. ಓಡಿದ್ದು ದೀಪದ ಬೆಳಕಿನ ಕಡೆಗೆ.

ಓಡುವವನಿಗೆ ಎರಡು ಬೆಳಕೂ ಒಂದೇ ಥರ ಕಾಣುತ್ತವೆ. ವಿಜ್ಞಾನಿಯ ಕಣ್ಣಿಗೆ ಬೇರೆ ಕಾಣುತ್ತವೆ ಎಂದು ಯಾರಾದರೂ ಅಂದರೆ ಕೊರೋನಿಯಂ ನೆನಪಿಸಿ. ವ್ಯತ್ಯಾಸವಿರುವುದು ಬಾಗಿಲ ತನಕ ಹೋಗಿ ಒಳಗೆ ಇಣುಕಲು ಸಾಧ್ಯವೇ, ಇಣುಕಿದವನ ಮಾತನ್ನು ಮಿಕ್ಕವರು ಪರೀಕ್ಷಿಸಬಹುದೇ ಎಂಬುದರಲ್ಲಿ. ವಿದ್ಯಾರಣ್ಯರ ಜತೆ ನನ್ನ ತಕರಾರು ಇಲ್ಲೇ. ಮಣಿ, ಕೆಂಡಗಳ ಸಾಲಿನಲ್ಲೇ ಅವರು ಇನ್ನೊಂದನ್ನು ಇಡುತ್ತಾರೆ: ಗೋದಾವರಿಯ ನೀರನ್ನು ಗಂಗೆಯೆಂದು ತಿಳಿದು ಪ್ರೋಕ್ಷಿಸಿಕೊಂಡವನಿಗೂ ಶುದ್ಧಿ ದಕ್ಕುತ್ತದೆ. ಮಣಿಯನ್ನು ಕೈಯಲ್ಲಿ ತೂಗಬಹುದು, ಕೆಂಡದಲ್ಲಿ ಚಳಿ ಕಾಯಿಸಬಹುದು. ಶುದ್ಧಿ ದಕ್ಕಿತೆಂದು ಹೇಳುವವರು ಯಾರು? ಆ ಫಲಕ್ಕೂ ಶಾಸ್ತ್ರವೇ ಸಾಕ್ಷಿ. ಉಪಾಸನೆಯೂ ಸಂವಾದಿ ಭ್ರಮೆಯ ಹಾಗೆ ಕೊನೆಗೆ ಮುಕ್ತಿಗೆ ಮುಟ್ಟಿಸುತ್ತದೆ ಎಂಬುದು ಅವರ ವಾದ. ಮುಟ್ಟಿತೋ ಇಲ್ಲವೋ ಎಂದು ಮೂರನೆಯವನು ನೋಡಿ ಹೇಳುವ ದಾರಿ ನನಗಂತೂ ಕಾಣುವುದಿಲ್ಲ. ಒಂದು ಮಾತು ಮಾತ್ರ ಒಪ್ಪಲೇಬೇಕು: ತಾನು ಸಮರ್ಥಿಸುತ್ತಿರುವುದನ್ನೇ ಭ್ರಮೆಗೆ ಹೋಲಿಸಿ ಮಾತು ಶುರುಮಾಡುವ ಎದೆಗಾರಿಕೆ ಇವತ್ತಿನ ಟೀವಿ ಜ್ಯೋತಿಷಿಗಳಿಗಿಲ್ಲ.

ನಿಮ್ಮ ಆಪರೇಷನ್ ಹೊತ್ತಿಗೆ ತಾಯಿಯವರು ಸಹಸ್ರನಾಮ ಹೇಳುತ್ತ ಧೈರ್ಯವಾಗಿ ಕೂತಿದ್ದರೆಂದು ಬರೆದಿದ್ದೀರಿ. ಆ ಧೈರ್ಯ ನಿಜವಾದ ಫಲ. ಅವರ ಮುಖದಲ್ಲಿ ನೀವೇ ಕಂಡದ್ದು. ನಾಮದಿಂದ ಮನಸ್ಸಿಗೆ ಬಲ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ನಾಮವುಳ್ಳವನು ಇದ್ದಾನೆ ಎಂಬುದಕ್ಕೂ ಅಲ್ಲ, ಇಲ್ಲ ಎಂಬುದಕ್ಕೂ ಅಲ್ಲ. ಮಗಳಿಗೆ ಇದರ ಮೊದಲ ಅರ್ಧ ಹೇಳಿ, ತಾಯಿಯವರಿಗೆ ಎರಡನೆಯ ಅರ್ಧ ಹೇಳಲೇಬೇಕೆಂದೇನೂ ಇಲ್ಲ.

ಮನೆಯ ಜಗಳಕ್ಕೆ ಬರೋಣ. ಗ್ರಹಣಕ್ಕೆಂದು ಅಮ್ಮನವರು ಉಪ್ಪಿನಕಾಯಿ ಭರಣಿಯ ಮೇಲೆ ದರ್ಬೆ ಹಾಕಿದರೆ ಯಾರಿಗೂ ನಷ್ಟವಿಲ್ಲ, ಹಾಕಲಿ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಗಂಟೆಗಟ್ಟಲೆ ಉಪವಾಸ ಮಾತ್ರ ಬೇಡ. ಅಲ್ಲಿ ಡಾಕ್ಟರ ಮಾತೇ ನಡೆಯಲಿ. ಇನ್ನು 'ನಾಸಾ ಹೇಳಿದೆ' ಎಂದು ಅಜ್ಜಿಯ ಬಾಯಿ ಮುಚ್ಚಿಸಿದ ನಿಮ್ಮ ಮಗಳು ಮಾಡಿದ್ದೂ ಶಬ್ದಪ್ರಮಾಣವನ್ನೇ ಒಡ್ಡಿದ್ದು, ಅಂದರೆ ಬಲ್ಲವರ ಮಾತನ್ನೇ ಆಧಾರವಾಗಿ ಹಿಡಿದದ್ದು. ಮುಂದಿನ ಚಂದ್ರಗ್ರಹಣದಲ್ಲಿ ಇಬ್ಬರನ್ನೂ ಮಹಡಿಗೆ ಕರೆದೊಯ್ಯಿರಿ. ಚಂದ್ರನ ಮೇಲೆ ಸರಿಯುವ ಕತ್ತಲಿನ ಅಂಚು ಯಾವ ಆಕಾರದಲ್ಲಿದೆ, ಅಂಥ ನೆರಳು ಯಾವ ವಸ್ತುವಿನದಾಗಬಹುದು ಎಂದು ಕೇಳಿ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಏನೂ ಆಗದು.

ಧ್ಯಾನದೀಪದ ಮೊದಲ ಹತ್ತಿಪ್ಪತ್ತು ಶ್ಲೋಕಗಳನ್ನು ಬಿಡುವಾದಾಗ ಓದಿ. ಗೋದಾವರಿಯ ವಿಷಯದಲ್ಲಿ ನೀವು ನನ್ನ ಕಡೆಯೋ ವಿದ್ಯಾರಣ್ಯರ ಕಡೆಯೋ ಬರೆದು ತಿಳಿಸಿ. ಅಮ್ಮನವರಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ.

ಇಂತು ನಿಮ್ಮ
ಮಿತ್ರ