ಎರಡು ನುಡಿಗಳ ನಡುವೆ

ಜವಳಗಿರಿಯಲ್ಲಿ ಬಾಳುವ ನಮಗೆ ಒಂದೇ ನುಡಿಯಿಂದ ದಿನ ಸಾಗದು. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ನೆರೆಮನೆಯಲ್ಲಿ ತೆಲುಗು. ಇದರಿಂದ ಮಕ್ಕಳ ಓದು ಹಿಂದೆ ಬೀಳುವುದೆಂದು ಮರುಗುವವರು ನಮ್ಮಲ್ಲಿ ಉಂಟು. ಅಲ್ಪಸಂಖ್ಯಾತರಿಗೆ ಈ ಬಹುಭಾಷೆ ಹೊರೆಯೋ ಬಂಡವಾಳವೋ ಎಂದು ಚಿಂತಿಸುವಾಗ ನಮಗೆ ಹುನೈನ್ ಇಬ್ನ್ ಇಸ್ಹಾಕನ ನೆನಪಾಗುತ್ತದೆ.

ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದ ಕಾಲದಲ್ಲಿಯೇ, ಅತ್ತ ಅಬ್ಬಾಸೀ ಖಲೀಫರ ರಾಜ್ಯದಲ್ಲಿ ಈ ವೈದ್ಯನಿದ್ದನು. ಕ್ರಿ. ಶ. 809ರ ಸುಮಾರಿಗೆ ಹೀರಾ ಎಂಬ ಊರಿನ ಕ್ರೈಸ್ತ ಮನೆತನದಲ್ಲಿ ಅವನ ಜನನ. ಕ್ರೈಸ್ತರಿಗೆ ತಮ್ಮ ಮತಾಚರಣೆಗೆ ಅವಕಾಶವಿದ್ದರೂ ಜೆಜಿಯಾ ಎಂಬ ತಲೆಗಂದಾಯವನ್ನು ತೆರಬೇಕಾಗಿತ್ತು. 850ರಲ್ಲಿ ಖಲೀಫ ಮುತವಕ್ಕಿಲನು ಅವರು ಬೇರೆಯಾಗಿ ಕಾಣುವ ಉಡುಪನ್ನು ತೊಡಬೇಕೆಂದು ಆಜ್ಞಾಪಿಸಿದನು. ಆ ಖಲೀಫನಿಗೇ ಹುನೈನನು ಆಸ್ಥಾನವೈದ್ಯ!

ಅವನ ಚರ್ಚಿನ ಭಾಷೆ ಸಿರಿಯಾಕ್, ನಾಡಿನ ಭಾಷೆ ಅರಬ್ಬಿ. ಗ್ರೀಕನ್ನು ಶ್ರಮಪಟ್ಟು ಕಲಿತನು. ಗ್ಯಾಲೆನನ ವೈದ್ಯಗ್ರಂಥಗಳ ಪ್ರತಿಗಳನ್ನು ಸಿಕ್ಕಷ್ಟು ಕೂಡಿಸಿ, ಒಂದಕ್ಕೊಂದು ಹೋಲಿಸಿ, ಪಾಠವನ್ನು ತಿದ್ದಿ, ಬಳಿಕ ಶಬ್ದಕ್ಕೆ ಶಬ್ದವಿಡದೆ ಅರ್ಥವನ್ನು ಹಿಡಿದು ಅನುವಾದಿಸಿದನು. ಕ್ರೈಸ್ತ ವೈದ್ಯರಿಗೆ ಸಿರಿಯಾಕಿನಲ್ಲಿ, ಹಣವಿತ್ತು ಪೋಷಿಸಿದ ಮುಸಲ್ಮಾನ ವಿದ್ಯಾಪ್ರಿಯರಿಗೆ ಅರಬ್ಬಿಯಲ್ಲಿ. ತರ್ಕಪ್ರಮಾಣವನ್ನು ಕುರಿತ ಗ್ಯಾಲೆನನ ಗ್ರಂಥವೊಂದಕ್ಕಾಗಿ ಸಿರಿಯ, ಪ್ಯಾಲೆಸ್ಟೈನ್, ಈಜಿಪ್ಟುಗಳನ್ನು ಸುತ್ತಿದನು. ದಮಾಸ್ಕಸ್ಸಿನಲ್ಲಿ ದೊರೆತದ್ದು ಸುಮಾರು ಅರ್ಧ ಮಾತ್ರ. ತನ್ನ ಪುಸ್ತಕಗಳನ್ನೆಲ್ಲ ಕಳೆದುಕೊಂಡ ಮೇಲೂ ಗ್ಯಾಲೆನನ 129 ಕೃತಿಗಳನ್ನು ಯಾರು, ಯಾರಿಗಾಗಿ ಅನುವಾದಿಸಿದರೆಂಬುದನ್ನು ನೆನಪಿನಿಂದಲೇ ಬರೆದಿಟ್ಟನು. ಅವನ ಮಗ ಇಸ್ಹಾಕನು ಯೂಕ್ಲಿಡನ ರೇಖಾಗಣಿತವನ್ನು ಅರಬ್ಬಿಗೆ ತಂದನು. 11 ಮತ್ತು 12ನೆಯ ಶತಮಾನಗಳಲ್ಲಿ ಇಂತಹ ಹಲವು ಗ್ರಂಥಗಳು ಲ್ಯಾಟಿನ್ನಿಗೆ ತಿರುಗಿ ಯೂರೋಪಿನ ವಿದ್ಯಾರ್ಥಿಗಳಿಗೆ ಪಾಠವಾದವು.

ರಾಜ್ಯವು ಅವರದಾಗಿರಲಿಲ್ಲ, ಸಂಖ್ಯಾಬಲದ ಆಸರೆಯೂ ಅವರಿಗಿರಲಿಲ್ಲ. ಎರಡು ನುಡಿಗಳ ನಡುವೆ ನಿಂತವರೆಂಬುದೇ ಅವರ ಬಲವಾಯಿತು. ಆದರೆ ನಾಲಗೆಯ ಮೇಲೆ ಎರಡು ನುಡಿಗಳಿದ್ದ ಮಾತ್ರಕ್ಕೆ ವಿದ್ಯೆ ಬಾರದೆಂಬುದನ್ನೂ ನಾವು ಮರೆಯಲಾಗದು. ನಮ್ಮ ಹುಡುಗರು ಮೂರು ಭಾಷೆಗಳನ್ನಾಡುತ್ತಾರೆ. ಮೂರರಲ್ಲಿಯೂ ಒಂದು ಪುಟವನ್ನು ತಪ್ಪಿಲ್ಲದೆ ಬರೆಯಬಲ್ಲವರು ವಿರಳ. ಸಂತೆಯಲ್ಲಿ ಕಲಿತ ನುಡಿಯನ್ನು ಶಾಸ್ತ್ರದ ನುಡಿಯಾಗಿಸುವ ಹೊಣೆ ಉಪಾಧ್ಯಾಯರಾದ ನಮ್ಮದು. ತಮಿಳಿನ ವಿಜ್ಞಾನ ಪುಸ್ತಕದಿಂದ ಒಂದು ಪಾಠವನ್ನು ಓದಿ, ಪದಗಳನ್ನು ತೂಗಿ, ಅದನ್ನು ತಿಳಿಗನ್ನಡದಲ್ಲಿ ಬರೆದುಕೊಡೆಂದು ಮೇಲಿನ ತರಗತಿಯ ಮಕ್ಕಳಿಗೆ ಹೇಳೋಣ. ವಾರಕ್ಕೊಂದು ಪುಟವಾದರೂ ಸಾಕು.