ಪಾಯದ ಜಾಡು

ಚಳಿಗಾಲ ಬಂತೆಂದರೆ ಕೊರಟಗೆರೆಯಿಂದ ಗೆಳೆಯನ ಫೋನು ಬರುತ್ತದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಕುಶಲ ವಿಚಾರಿಸುವುದೂ ಇಲ್ಲ. 'ಸಾಬ್ರೇ, ಈ ಸಲ ಪಾಯ ಎಲ್ಲಿ ಚೆನ್ನಾಗಿದೆ?' ಎನ್ನುತ್ತಾನೆ. ನಾನು ಮೇಷ್ಟ್ರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ವರ್ಗವಾದಾಗಲೆಲ್ಲ ಇವುಗಳೊಳಗೇ ಸುತ್ತಿದವನು. ಹೊಸ ಊರಿನಲ್ಲಿ ಬಾಡಿಗೆ ಮನೆಗಿಂತ ಮೊದಲು ಪಾಯದ ಅಂಗಡಿ ಹುಡುಕುತ್ತೇನೆಂಬುದು ಹೆಂಡತಿಯ ದೂರು. ಸುಳ್ಳಲ್ಲ.

ಪಾಯ ಎಂದರೆ ಕುರಿ, ಮೇಕೆಯ ಕಾಲಿನ ಸಾರು. ಪಾರಸಿಯಲ್ಲಿ 'ಪಾ' ಎಂದರೆ ಕಾಲು. ಪೈಜಾಮ ಬಂದದ್ದೂ ಅಲ್ಲಿಂದಲೇ. ಮನೆ ಕಟ್ಟಲು ಕನ್ನಡದವರು ತೋಡುವ ಪಾಯವೂ ಅದೇ ಬಳಗದ ಪದ. ಉರ್ದು ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ ಹೊಸದರಲ್ಲಿ, ಯಾರೋ ಪಾಯ ತೋಡಿದರೆಂದು ಕೇಳಿ ನಾನು ಕಕ್ಕಾಬಿಕ್ಕಿಯಾಗಿದ್ದೆ.

ಒಳ್ಳೆಯ ಅಂಗಡಿಗೆ ಬೋರ್ಡಿರುವುದಿಲ್ಲ. ಫಜರ್ ನಮಾಜು ಮುಗಿಸಿ ಹೊರಬಂದವರು ಯಾವ ಗಲ್ಲಿಗೆ ತಿರುಗುತ್ತಾರೋ ನೋಡಿ, ಹಿಂದೆ ಹೋಗಿ. ಮಂಡಿ ಹಮಾಲರು, ರಾತ್ರಿಯೆಲ್ಲ ಲಾರಿ ಓಡಿಸಿದವರು ಅಲ್ಲಿ ಕೂತಿದ್ದರೆ ಅರ್ಧ ಗೆದ್ದಂತೆ. ಒಂಬತ್ತು ಗಂಟೆಯ ಮೇಲೂ ಪಾಯ ಮಿಕ್ಕಿರುವ ಅಂಗಡಿಯನ್ನು ನಾನು ನಂಬುವುದಿಲ್ಲ. ಒಂದು ಗುಟುಕು ಕುಡಿದರೆ ತುಟಿಗೆ ತುಟಿ ಅಂಟಬೇಕು. ಇರುಳಿಡೀ ಸಣ್ಣ ಉರಿಯಲ್ಲಿ ಚರ್ಮ, ನರ ಕರಗಿ ಬಿಟ್ಟ ಅಂಟು ಅದು. ಅಂಟದೆ ಬರೀ ಮಂದವಾಗಿದ್ದರೆ ಹಿಟ್ಟು ಕದಡಿದ್ದಾರೆಂದೇ ತಿಳಿಯಿರಿ. ಜಪಾನಿನವರು ರಾಮೆನ್ ಶಾವಿಗೆಗೆ ಗಂಟೆಗಟ್ಟಲೆ ಮೂಳೆ ಕುದಿಸುವುದೂ ಇಂಥ ಅಂಟಿಗೇ. ಅಲ್ಲಿ ಬಹಳ ಕಡೆ ಹಂದಿಯ ಮೂಳೆಯಾದ್ದರಿಂದ ನನ್ನ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ.

ಮೊದಲ ಸಲ ಹೋದವರು ಬರೀ ಸೂಪು ಕೇಳಿ. ಸರಿಯೆನಿಸಿದರೆ ಒಂದು ಕಾಲು, ಎರಡು ಇಡ್ಲಿ. ಪರೋಟ ಬೇಡ, ಅದರ ಎಣ್ಣೆ ಸಾರನ್ನು ಕೆಡಿಸುತ್ತದೆ. ಶಿರಾ 1687ರ ನಂತರ ಮೊಗಲರ ಸುಬಾದ ಮುಖ್ಯ ಪಟ್ಟಣವಾಗಿದ್ದ ಊರು, ಮಲಿಕ್ ರಿಹಾನನ ಗೋರಿಯಿರುವ ಊರು. ಆ ಠೀವಿಗೆ ನಾನ್ ಸಿಕ್ಕೀತೆಂದು ಹುಡುಕಿದೆ. ಸಿಕ್ಕಿದ್ದು ಮುದ್ದೆ. ಬಿಸಿ ಮುದ್ದೆ ಮುರಿದು ಪಾಯದಲ್ಲದ್ದಿ ನುಂಗಿದ ಮೇಲೆ ನಾನ್ ನೆನಪಾಗಲಿಲ್ಲ. ಪಾವಗಡದಲ್ಲಿ ಆಂಧ್ರದ ಖಾರ. ವರ್ಷಗಟ್ಟಲೆ ಫ್ಲೋರೈಡ್ ನೀರು ಕುಡಿದು ಮಂಡಿ ಹಿಡಿದುಕೊಂಡ ಮುದುಕರು ಅಲ್ಲಿ ಔಷಧಿಯೆಂದು ಪಾಯ ಕುಡಿಯುತ್ತಾರೆ. ನೀವಂದುಕೊಂಡಷ್ಟು ಕ್ಯಾಲ್ಸಿಯಂ ಇದರಲ್ಲಿಲ್ಲವೆಂದು ಒಮ್ಮೆ ಮೇಷ್ಟ್ರಗಿರಿ ತೋರಿಸಿದೆ. 'ಬಿಸಿಯಾದರೂ ಇದೆಯಲ್ಲ ಸಾರ್' ಎಂದರೊಬ್ಬರು.

ಇದಕ್ಕೆಲ್ಲ ಮೊದಲು ನಾನು ಮೂಸುತ್ತೇನೆ. ಸುಟ್ಟ ಕೂದಲಿನ ವಾಸನೆ ಎಳೆಯಷ್ಟಿದ್ದರೂ ಎದ್ದು ಬರುತ್ತೇನೆ.

ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಅಮ್ಮಿ ಕೂಲಿಗೆ ಕಾಲು ಸುಟ್ಟು ಕೊಡುತ್ತಿದ್ದಳು. ಕೆಂಡದ ಮೇಲೆ ಹೊರಳಿಸಿ, ಗೊರಸು ಕಿತ್ತು, ಚಾಕುವಿನಿಂದ ಹೆರೆದು, ಅರಿಸಿನ ಹಚ್ಚಿ ಬಿಸಿನೀರಲ್ಲಿ ತೊಳೆಯುವಷ್ಟರಲ್ಲಿ ಅವಳ ಉಗುರೆಲ್ಲ ಕಪ್ಪು. ಆ ಹೊಗೆ ನನ್ನ ಅಂಗಿಗೆ ಹತ್ತಿ ಶಾಲೆಗೂ ಬರುತ್ತಿತ್ತು. ಒಂದು ದಿನ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿದ. ಮನೆಗೆ ಬಂದು ಅಮ್ಮಿಯ ಮೇಲೆ ಕೂಗಾಡಿದೆ. ಅವಳು ಏನೂ ಅನ್ನಲಿಲ್ಲ. ಮರುದಿನದಿಂದ ನನ್ನ ಅಂಗಿಯನ್ನು ಎರಡು ಮನೆಯಾಚೆ ಒಣಹಾಕತೊಡಗಿದಳು. ಸುಡುವುದನ್ನು ಬಿಡುವಂತಿರಲಿಲ್ಲ, ಆ ಅಂಗಿಯೂ ಅದೇ ಕಾಸಿನದು. ಇಷ್ಟು ಕಥೆ ಬರೆದೆ, ಇದೊಂದನ್ನು ಬರೆದಿರಲಿಲ್ಲ.

ಸರಿದು ಕೂತ ಹುಡುಗನೇ ಈಗ ಕೊರಟಗೆರೆಯಿಂದ ಫೋನು ಮಾಡುವವನು. ಅವನಿಗದು ನೆನಪಿಲ್ಲ. ಕಳೆದ ಚಳಿಗಾಲ ಅವನನ್ನು ಪಾವಗಡಕ್ಕೆ ಕರೆದೊಯ್ದೆ. ಹೆಂಗಸೊಬ್ಬಳು ನಡೆಸುವ ಅಂಗಡಿ. ಹಿತ್ತಲಲ್ಲಿ ಕಾಲು ಸುಡುವ ಹೊಗೆ ಏಳುತ್ತಿತ್ತು. ಬಟ್ಟಲಲ್ಲಿ ಅದರ ಸುಳಿವೂ ಇರಲಿಲ್ಲ. ಬಡಿಸುವಾಗ ಅವಳ ಉಗುರು ನೋಡಿದೆ. ಗೆಳೆಯ ಎರಡನೇ ಬಟ್ಟಲು ಹೇಳಿ, ಬಾಗಿ ಮೂಸಿ, 'ಏನು ಘಮ ಅಲ್ವೇನೋ' ಎಂದ.

ಹೂಂ ಎಂದು ನಾನು ಗಿಣ್ಣು ಚೀಪತೊಡಗಿದೆ.